ಮೊಣಕಾಲ ಕೆಳಗಿನ ಮಡಿಕೆ

ಎಸೆರಿಯ ಎಡಗಾಲಿನ ಗಾಯಕ್ಕೆ ಎರಡು ವರ್ಷ ತುಂಬಿತ್ತು. ಮೂವತ್ತು ವರ್ಷ ಕಪ್ಪುಹಲಗೆಯ ಮುಂದೆ ನಿಂತು ಪಾಠ ಹೇಳಿದ ಕಾಲು. ಮೊದಲು ನರಗಳು ಉಬ್ಬಿ ಹುರಿಗಟ್ಟಿದವು, ಆಮೇಲೆ ಚರ್ಮ ಗಡುಸಾಯಿತು, ಕೊನೆಗೆ ಕಾಲ್ಗಂಟಿನ ಒಳಬದಿ ಹೆಬ್ಬೆರಳಗಲ ಒಡೆಯಿತು. ಉಗಾಂಡದ ಮಸಾಕಾ ಊರಿನ ಚಿಕಿತ್ಸಾಲಯದಲ್ಲಿ ದಾದಿ ಅಪಿಯೊ ಪ್ರತಿ ಮಂಗಳವಾರ ಗಾಯ ತೊಳೆದು, ಪಟ್ಟಿ ಕಟ್ಟಿ, ಮೇಲೆ ಮೊಣಕಾಲವರೆಗೆ ಬಿಗಿಯಾದ ಕಾಲುಚೀಲ ಏರಿಸುತ್ತಿದ್ದಳು. ಗಾಯ ಒಂದು ವಾರ ಕುಗ್ಗಿದರೆ ಮರುವಾರ ಹಿಗ್ಗುತ್ತಿತ್ತು.

ಬರುವ ಶನಿವಾರ ತಮ್ಮನ ಮಗಳು ದಮಾಲಿಯನ್ನು ಕೇಳಲು ಗಂಡಿನ ಕಡೆಯವರು ಬರುವವರಿದ್ದರು. ಅವರ ಮುಂದೆ ಮಂಡಿಯೂರಿ ನಮಸ್ಕಾರ ಹೇಳಿ, ಗುಂಪಿನಲ್ಲಿ ಮದುಮಗನನ್ನು ಗುರುತಿಸಿ ಎಬ್ಬಿಸಬೇಕಾದವಳು ಹಿರಿಯ ಸೋದರತ್ತೆ, ಅಂದರೆ ಎಸೆರಿ. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದವಳೂ ಅವಳೇ.

"ಕಾಲಿಗೆ ಏನಾದ್ರೂ ಕಟ್ಕೋತೀರಾ ಅಮ್ಮಾ?" ಮೊಣಕಾಲ ಕೆಳಗಿದ್ದ ಆಳವಾದ ಗೆರೆಯನ್ನು ಮುಟ್ಟಿ ಅಪಿಯೊ ಕೇಳಿದಳು.

"ಏನೂ ಇಲ್ಲ ಮಗಳೇ."

ಪಟ್ಟಿ ಕಟ್ಟಿ ಚೀಲ ಏರಿಸುವಷ್ಟರಲ್ಲಿ ವಯಸ್ಸಾದ ಪಾದ್ರಿಯೊಬ್ಬರು ಒಳಗೆ ಬಂದರು. ಎಸೆರಿ ಬೆಂಚಿನಿಂದಿಳಿದಳು. ಅವಳ ಕೈ ತನ್ನಷ್ಟಕ್ಕೆ ಪಾದ ಮುಟ್ಟುವ ಗೊಮೆಸಿ ಉಡುಪಿನ ನೆರಿಗೆಯ ಕೆಳಗೆ ಹೋಗಿ ಚೀಲದ ಅಂಚನ್ನು ಮೂರು ಸುತ್ತು ಕೆಳಗೆ ಸುರುಳಿ ಸುತ್ತಿತು. ಆಮೇಲೆ, ಅಲ್ಲಿನ ಹೆಂಗಸರು ಗಂಡಸರಿಗೆ, ಹಿರಿಯರಿಗೆ ನಮಸ್ಕರಿಸುವ ರೂಢಿಯಂತೆ, ಮಂಡಿಯೂರಿ ಅವರ ಮನೆ, ಮಕ್ಕಳು, ತೋಟ ಎಲ್ಲವನ್ನೂ ಒಂದೊಂದಾಗಿ ವಿಚಾರಿಸಿದಳು.

"ಅಯ್ಯೋ, ಅದನ್ನ್ಯಾಕೆ ಸುತ್ತಿದ್ರಿ?" ಎಂದಳು ಅಪಿಯೊ.

"ಮಂಡಿ ಊರಿದ್ರೆ ಅಂಚು ಒತ್ತುತ್ತೆ. ಚೀಲ ಹಾಕೋ ಹೆಂಗಸ್ರೆಲ್ಲ ಹಿಂಗೇ ಮಾಡೋದು."

"ಮೂರು ಸುತ್ತು ಅಂದ್ರೆ ಹಗ್ಗ ಬಿಗಿದ ಹಾಗೆ! ರಕ್ತ ಮೇಲಕ್ಕೆ ಹೋಗೋದಾದ್ರೂ ಹೇಗೆ? ದಿನಕ್ಕೆ ಎಷ್ಟು ಸಲ?"

ಭಾವ, ಹಾಲಿನ ಮುದುಕ, ಎದುರುಮನೆಯ ಮೂವರು... ಹದಿನೈದಕ್ಕೆ ಎಸೆರಿ ಎಣಿಕೆ ನಿಲ್ಲಿಸಿದಳು.

"ಗಾಯ ಮುಚ್ಚೋ ತನಕ ಮಂಡಿ ಊರಬೇಡಿ. ಕಾಲು ಎತ್ತರಕ್ಕಿಟ್ಟು ಕೂತ್ಕೊಳಿ."

"ಶನಿವಾರ ಒಂದಿನ?"

"ಶನಿವಾರ ಅಂತ ಗಾಯಕ್ಕೆ ಗೊತ್ತಾಗಲ್ಲ."

ಪಾದ್ರಿಗಳು ತಾವು ಕೂರಬೇಕಿದ್ದ ಸ್ಟೂಲನ್ನು ಅವಳ ಕಾಲಡಿಗೆ ಸರಿಸಿದರು.

ಮನೆಯಲ್ಲಿ ತಂಗಿ ಪೆರುಸಿ ಹೊಟ್ಟೆ ಹಿಡಿದು ನಕ್ಕಳು. "ಕಾಲು ಮೇಲಿಟ್ಕೊಂಡು ಬೀಗರನ್ನ ಮಾತಾಡಿಸ್ತೀಯಾ? ಒಳ್ಳೆ ಗವರ್ನರ್ ಹೆಂಡ್ತಿ ಆದೆ ಬಿಡು!"

"ನನ್ನ ಬದಲು ನೀನು ಹೋಗು."

ಪೆರುಸಿಯ ನಗು ನಿಂತಿತು. "ನಾನಾ? ನೀನು ಸಾಕಿದ ಹುಡುಗಿ ಕಣೇ."

"ಗೊತ್ತು."

ಮೂರು ದಿನ ಅಕ್ಕ ಹೇಳಿಕೊಟ್ಟಳು, ತಂಗಿ ಬಾಯಿಪಾಠ ಮಾಡಿದಳು. ಗಾಯ ತುಸು ಕುಗ್ಗಿತು, ಮುಚ್ಚಲಿಲ್ಲ.

ಶನಿವಾರ ಎಸೆರಿ ಒಳಕೋಣೆಯಲ್ಲಿ ಎರಡು ದಿಂಬಿನ ಮೇಲೆ ಕಾಲಿಟ್ಟು ಒರಗಿದ್ದಳು. ಕಿಟಕಿಯಾಚೆಯೇ ಚಪ್ಪರ. ಪೆರುಸಿ ಮಂಡಿಯೂರಿದ್ದು ಕಂಡಿತು. ಗಂಡಿನ ಕಡೆಯ ಮಾತುಗಾರ ಕೇಳಿದ: "ಹುಡುಗೀನ ಸಾಕಿದ ಅತ್ತೆ ನೀವೇನಾ?"

ಹೌದೆಂದು ಮುಂದುವರಿಯಬೇಕೆಂದು ಅಕ್ಕ ಹೇಳಿಕೊಟ್ಟಿದ್ದಳು.

"ಅಲ್ಲಪ್ಪಾ," ಎಂದಳು ಪೆರುಸಿ. "ಅತ್ತೆ ಒಳಗಿದ್ದಾಳೆ. ಇವತ್ತಿಗೆ ನಾನು ಅವಳ ಕಾಲು ಅಷ್ಟೆ. ಮಾತೆಲ್ಲ ಅವಳದ್ದೇ."

ಚಪ್ಪರವೆಲ್ಲ ನಕ್ಕಿತು. ಮಾತುಗಾರನೂ ನಕ್ಕ. "ಹಾಗಾದ್ರೆ ಅತ್ತೆಗೆ ತಂದಿರೋ ಉಡುಗೊರೆ ಒಳಗೇ ಹೋಗ್ಲಿ."

ಮದುಮಗನ ಅತ್ತೆ ರೇಷ್ಮೆ ಗೊಮೆಸಿಯ ಪೊಟ್ಟಣ ಹಿಡಿದು ಕೋಣೆಗೆ ಬಂದಳು. ಎಸೆರಿ ಏಳಲು ಹೊರಟು, ಏಳದೆ, ಎರಡೂ ಕೈ ಚಾಚಿದಳು. ಮಂಡಿಯೂರದೆ ಅವಳು ಹೊರಗಿನವರಿಂದ ಏನನ್ನಾದರೂ ಪಡೆದದ್ದು ಅದೇ ಮೊದಲು.