ಬಿಸಿಯಿರುವಾಗಲೇ ನೋಡಿ

ಹಿಟ್ಟಿನ ಗಿರಣಿ ನಡೆಸುವಾಕೆಯ ಕಾರಿಗೆ ಒಂದು ವಿಚಿತ್ರ ಚಾಳಿ ಅಂಟಿಕೊಂಡಿತ್ತು. ತಾನೇ ಗೇರು ಬದಲಿಸಿಕೊಳ್ಳುವ ಕಾರು ಅದು. ಆಸ್ಪತ್ರೆಯ ಏರಿನಲ್ಲಿ ನಿಂತು ಹೊರಟರೆ ಎಂಜಿನ್ನು ಹೋ ಎಂದು ಕೂಗುತ್ತಿತ್ತು, ಚಕ್ರ ಮಾತ್ರ ಕದಲುತ್ತಿರಲಿಲ್ಲ. ವಾರಕ್ಕೆ ಮೂರು ದಿನ ಅಕ್ಕನನ್ನು ಡಯಾಲಿಸಿಸ್‌ಗೆ ಕರೆದೊಯ್ಯುವುದು ಅದರಲ್ಲೇ. ಹೋದ ವಾರ ಏರಿನ ನಡುವೆ ಕಾರು ಹಿಂದಕ್ಕೆ ಜಾರಿದಾಗ ಅಕ್ಕ ಜೀವ ಕೈಯಲ್ಲಿ ಹಿಡಿದು ಕೂತಿದ್ದಳು.

ಮೂರು ಸಲ ಸರ್ವಿಸ್ ಸೆಂಟರಿಗೆ ಬಿಟ್ಟದ್ದಾಯಿತು. ಮೂರು ಸಲವೂ ಕಾಗದದ ಮೇಲೆ ಒಂದೇ ಸಾಲು: ‘ದೋಷ ಕಂಡುಬಂದಿಲ್ಲ.’ ವಾರಂಟಿ ಮುಗಿಯಲು ಒಂದೇ ದಿನ ಉಳಿದಿತ್ತು. ಅದು ದಾಟಿದರೆ ಹೊಸ ಗೇರ್‌ಬಾಕ್ಸು ಆಕೆಯ ಕೈಗೆಟುಕುವ ಮಾತಲ್ಲ.

“ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂದ್ರೆ ಮೂರು ಮತ್ತೊಂದು ಅಂದಳಂತೆ. ಹಾಗಿದೆ ನಿನ್ನ ಕಾರು,” ಎಂದಳು ಅಕ್ಕ. “ಅವರ ಮುಂದೆ ಏನೂ ಅರಿಯದ ಕೂಸು. ನಾನಂತೂ ಇನ್ನು ಹತ್ತೋದಿಲ್ಲ.”

ಆದರೆ ಗಿರಣಿಯಾಕೆಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಗಿತ್ತು. ಅವರ ಮುಂದೆ ಮಾತ್ರ ಯಾಕೆ ಒಳ್ಳೆಯದಾಗುತ್ತದೆ? ಮೂರನೆಯ ಸಲ ಆಕೆ ಕೀಲಿ ಕೊಟ್ಟು ಮನೆಗೆ ಹೋಗಿರಲಿಲ್ಲ. ಗಾಜಿನ ಗೋಡೆಯ ಹಿಂದೆ ಬೆಂಚಿನ ಮೇಲೆ ಕೂತು ತನ್ನ ಕಾರನ್ನೇ ನೋಡುತ್ತಿದ್ದಳು. ಅಲ್ಲಿ ಬಂದ ಕಾರಿಗೆಲ್ಲ ಮೊದಲು ಸ್ನಾನ. ಅಡಿಯಿಂದ ಜೋರಾಗಿ ತಣ್ಣೀರು ಚಿಮ್ಮಿಸಿ, ನೊರೆ ಹಚ್ಚಿ, ಒರೆಸಿ, ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಮೆಕ್ಯಾನಿಕ್ ಬಂದು ಓಡಿಸಿ ನೋಡುವಷ್ಟರಲ್ಲಿ ಎರಡು ತಾಸು ಕಳೆದಿತ್ತು.

ಈಗ ಅದೆಲ್ಲ ನೆನೆದು ಆಕೆ ಹಣೆ ತಟ್ಟಿಕೊಂಡಳು. ಗಿರಣಿಯ ಹಳೆಯ ಬೆಲ್ಟೂ ಬೆಳಗಿನ ತಂಪಿನಲ್ಲಿ ಸರಿಯಾಗಿಯೇ ತಿರುಗುತ್ತದೆ. ನಾಲ್ಕು ಮೂಟೆ ಬೀಸಿ ಕಾದ ಮೇಲಲ್ಲವೇ ಜಾರುವುದು! ಜ್ವರ ಇಳಿಸಿ ಆಮೇಲೆ ಮೈ ಮುಟ್ಟಿ ನೋಡುವ ವೈದ್ಯರು ಇವರು.

ಮರುದಿನ ಆಕೆ ಅಕ್ಕನ ಮುಂದೆ ಕೀಲಿ ಆಡಿಸಿದಳು. “ಬಾ, ಹತ್ತು.”

“ದಾರೀಲಿ ಕೆಟ್ಟು ನಿಂತ್ರೆ?”

“ಕೆಡಲಿ ಅಂತಲೇ ಹೋಗ್ತಿರೋದು.”

ಅಕ್ಕ ಹುಬ್ಬೇರಿಸಿದಳು. ಕೆಡಿಸಲೆಂದೇ ಕಾರು ಓಡಿಸುವುದನ್ನು ಆಕೆ ಕಂಡಿರಲಿಲ್ಲ; ಅದನ್ನೂ ನೋಡೇಬಿಡೋಣವೆಂದು ಹತ್ತಿಯೇಬಿಟ್ಟಳು.

ಮುಕ್ಕಾಲು ಗಂಟೆ ಊರಿನ ಸಂದಣಿಯಲ್ಲೆಲ್ಲ ಸುತ್ತಿ, ಕಾರು ಕಾದು ವಾಸನೆ ಬರುತ್ತಿದ್ದಂತೆ ನೇರ ಸರ್ವಿಸ್ ಸೆಂಟರಿನೊಳಗೆ ನುಗ್ಗಿಸಿದಳು. ಟೈ ಕಟ್ಟಿದ ಮೇಲ್ವಿಚಾರಕ ಓಡಿಬಂದ.

“ಇಳೀರಿ ಮೇಡಂ, ಮೊದಲು ವಾಶ್.”

“ತೊಳೆಯೋದು ಬೇಡಪ್ಪ. ಬಿಸಿಯಿರುವಾಗಲೇ ನೋಡಿ.”

“ಫ್ರೀ ಮೇಡಂ ಅದು! ವಾಶ್ ಆಗದೆ ಕಂಪ್ಯೂಟರ್ ಮುಂದಕ್ಕೆ ಹೋಗೋದೇ ಇಲ್ಲ.”

“ಹಾಗಾದ್ರೆ ನಮ್ಮಿಬ್ಬರನ್ನೂ ಸೇರಿಸಿ ತೊಳೀರಿ,” ಎಂದಳು ಅಕ್ಕ, ಸೀಟಿನಲ್ಲಿ ಇನ್ನಷ್ಟು ಒರಗಿ. “ಸೋಪು ಮಾತ್ರ ಒಳ್ಳೇದು ಹಾಕಿ.”

ಪಕ್ಕದ ಕಾರಿನಡಿಯಿಂದ ಒಬ್ಬ ನಡುವಯಸ್ಸಿನ ಮೆಕ್ಯಾನಿಕ್ ತಲೆ ಹೊರಹಾಕಿದ. ಕೈ ಒರೆಸಿಕೊಳ್ಳುತ್ತ ಬಂದು, “ಬಿಸಿಯಾದಾಗ ಮಾತ್ರ ಅಂತೀರಾ?” ಎಂದ.

“ಬಿಸಿಯಾಗಿ, ಏರಲ್ಲಿ ನಿಂತು ಹೊರಟಾಗ.”

“ಅಯ್ಯೋ, ನನಗೆ ಇದನ್ನು ಯಾರೂ ಹೇಳಲೇ ಇಲ್ಲ. ಕಾರ್ಡಲ್ಲಿ ‘ಎಳೆಯೋದಿಲ್ಲ’ ಅಂತಷ್ಟೇ ಇತ್ತು.”

ಆತ ಇಬ್ಬರನ್ನೂ ಇಳಿಸಿ, ತಾನೇ ಸ್ಟಿಯರಿಂಗ್ ಹಿಡಿದು, ಮೇಲ್ಮಹಡಿಗೆ ಕಾರು ಹತ್ತಿಸುವ ಇಳಿಜಾರಿನ ನಡುವೆ ನಿಲ್ಲಿಸಿ, ಮತ್ತೆ ಹೊರಡಿಸಿದ. ಎಂಜಿನ್ನು ಬೊಬ್ಬೆ ಹೊಡೆಯಿತು. ಕಾರು ಅಲುಗಲಿಲ್ಲ. ಮೆಲ್ಲನೆ ಹಿಂದಕ್ಕೆ ಜಾರಿತು. ಕೆಳಗೆ ನಿಂತ ಮೇಲ್ವಿಚಾರಕ ಎರಡೇ ಹೆಜ್ಜೆಗೆ ಕಂಬದ ಹಿಂದೆ ಸೇರಿಕೊಂಡ. ಮೆಕ್ಯಾನಿಕ್‌ನ ಮುಖ ಮಾತ್ರ ನಿಧಿ ಕಂಡವನಂತೆ ಅರಳಿತು.

“ಬರ್ಕೊಳ್ಳಿ ಸಾರ್,” ಎಂದು ಬ್ರೇಕು ತುಳಿದು ಕೂಗಿದ. “ಗೇರ್‌ಬಾಕ್ಸು ಹೋಗಿದೆ. ಇವತ್ತಿನ ತಾರೀಕು ಹಾಕಿ. ನಾನೇ ಸಹಿ ಮಾಡ್ತೀನಿ.”

ಬರೆದುಕೊಟ್ಟ ಕಾಗದವನ್ನು ಗಿರಣಿಯಾಕೆ ಎರಡು ಸಲ ಓದಿದಳು: ದೋಷ ಕಂಡುಬಂದಿದೆ, ವಾರಂಟಿಯಲ್ಲಿ ಬದಲಿ. ಹೊಸದು ಬರಲು ಹದಿನೈದು ದಿನ. ಅಲ್ಲಿಯವರೆಗೆ ಸೆಂಟರಿನ ಕಾರು ಒಯ್ಯಬಹುದು.

ಮೇಲ್ವಿಚಾರಕ ಆ ಕಾರಿನ ಬಾಗಿಲು ತೆರೆದು ಹಿಡಿದ. ಅಕ್ಕ ಹತ್ತಲಿಲ್ಲ.

“ಮೊದಲು ನೀವೊಬ್ಬರೇ ಆ ಏರಲ್ಲಿ ನಿಲ್ಲಿಸಿ, ಹತ್ತಿಸಿ ತೋರಿಸಿ,” ಎಂದು ಸೊಂಟಕ್ಕೆ ಕೈಯಿಟ್ಟು ನಿಂತಳು. “ನಾಳೆ ನಾನು ಆಸ್ಪತ್ರೆಗೆ ಹೋಗ್ಬೇಕು.”