ಕತ್ತಿನ ಹಿಂದಿನ ಕೈ

ವಿದ್ಯಾನಗರದ ಬಸ್‌ಸ್ಟಾಪಿನ ಹಿಂದೆ ತಿಮ್ಮೇಶನ ಸ್ಟುಡಿಯೋ. ಹಾಸ್ಟೆಲ್ ಹುಡುಗರ ಪಾಸ್‌ಪೋರ್ಟ್ ಫೋಟೋದಿಂದ ಹೊಟ್ಟೆ ತುಂಬುತ್ತಿತ್ತು, ಹಳೇ ಫೋಟೋಗಳ ರಿಪೇರಿಯಿಂದ ಹೆಸರು ಬರುತ್ತಿತ್ತು. ಹೆಸರಿನ ಜೊತೆ ಸ್ವಲ್ಪ ಕೊಂಬೂ ಬಂದಿತ್ತು, ಸುಳ್ಳು ಯಾಕೆ ಹೇಳಬೇಕು. ಗೆದ್ದಲು ತಿಂದದ್ದು, ನೀರು ಕುಡಿದದ್ದು, ಏನೇ ತಂದರೂ ಗಿರಾಕಿಯ ಮಾತು ಪೂರ್ತಿ ಕೇಳುವ ಅಭ್ಯಾಸ ಅವನಿಗಿರಲಿಲ್ಲ.

ಹರಿಹರದ ಅಕ್ಕನಾಗಮ್ಮ ತಂದದ್ದು ನೀರು ಕುಡಿದ ಫೋಟೋ. ಕಳೆದ ಮಳೆಗಾಲದಲ್ಲಿ ಹೊಳೆ ಮನೆಯೊಳಗೆ ನುಗ್ಗಿದಾಗ ಗೋಡೆಯಿಂದ ಕಳಚಿ ಬಿದ್ದಿತ್ತು. ಅರವತ್ತು ದಾಟಿದ ಹೆಂಗಸು, ಟವೆಲ್ಲಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಇರುವುದು ಇದೊಂದೇ, ಹೆಂಗಾದರೂ ಉಳಿಸಿಕೊಡಬೇಕು ಎಂದು ಕೇಳಿಕೊಂಡರು. ಇನ್ನೇನೋ ಹೇಳಲು ಬಾಯಿ ತೆರೆದಾಗ ತಿಮ್ಮೇಶ, ತನಗೆಲ್ಲ ಗೊತ್ತು ಬಿಡಿ ಎಂದು ಚೀಟಿ ಬರೆದುಕೊಟ್ಟ.

ಗೊತ್ತಿದ್ದದ್ದೂ ನಿಜವೇ. ಈ ಕಡೆಯ ಹಳೇ ಮನೆಗಳಲ್ಲಿ ಸತ್ತವರ ಹಣೆತುಂಬ ವಿಭೂತಿ ಹಚ್ಚಿ, ಹೂ ಹಾಕಿ, ಕೂರಿಸಿ ಫೋಟೋ ತೆಗೆಸುತ್ತಿದ್ದರು. ಬದುಕಿದ್ದಾಗ ಕ್ಯಾಮೆರಾ ಕಾಣದವರಿಗೆ ಮೊದಲನೆಯದೂ ಅದೇ, ಕೊನೆಯದೂ ಅದೇ. ಇದರಲ್ಲಿ ಇಪ್ಪತ್ತರ ಆಸುಪಾಸಿನ ಹೆಂಗಸು ಕಣ್ಣು ಮುಚ್ಚಿ ಕೂತಿದ್ದಳು, ತೊಡೆಯ ಮೇಲೆ ಹಸುಗೂಸು. ಹಿಂದೆ ಕಟ್ಟಿದ ಜಮಖಾನದ ಮರೆಯಿಂದ ಒಂದು ಕೈ ಬಂದು ಅವಳ ಕತ್ತು ವಾಲದಂತೆ ಹಿಡಿದಿತ್ತು. ಇಂಥ ಫೋಟೋಗಳಲ್ಲಿ ಆ ಕೈ ಇದ್ದೇ ಇರುತ್ತದೆ, ಅದನ್ನು ಅಳಿಸುವುದೇ ತಿಮ್ಮೇಶನ ಮೊದಲ ಕೆಲಸ. ಕೈ ಹೋದರೆ ಸತ್ತವರು ತಾವೇ ಕೂತಂತೆ ಕಾಣುತ್ತಾರೆ. ಬೇಡ ಅಂದವರು ಇಪ್ಪತ್ತು ವರ್ಷದಲ್ಲಿ ಒಬ್ಬರೂ ಇರಲಿಲ್ಲ.

ಗಾಜಿಗೆ ಅಂಟಿದ್ದ ಫೋಟೋವನ್ನು ಗಾಜಿನ ಸಮೇತ ಸ್ಕ್ಯಾನ್ ಮಾಡಿ ಒಂದು ವಾರ ಪಟ್ಟಾಗಿ ಕೂತ. ಮುಖದ ಕಲೆ ತೆಗೆದ, ಕೂಸಿನ ಬೆರಳುಗಳನ್ನು ಬಿಡಿಸಿದ, ಕೈಯಿದ್ದ ಜಾಗಕ್ಕೆ ಜಮಖಾನದ ಪಟ್ಟೆ ಎಳೆದು ಮುಚ್ಚಿದ. ಚೆನ್ನಾಗಿಯೇ ಆಗಿತ್ತು. ಹೊಗಳಿಸಿಕೊಳ್ಳುವ ಆಸೆಗೆ ತಾನೇ ಸ್ಕೂಟರ್ ಹತ್ತಿ ಹರಿಹರಕ್ಕೆ ಹೋದ.

ಅಕ್ಕನಾಗಮ್ಮ ಕನ್ನಡಕ ಒರೆಸಿಕೊಂಡು ಮುಖ ನೋಡಿದರು, ಕೂಸು ನೋಡಿದರು. ಆಮೇಲೆ ಚೌಕಟ್ಟನ್ನು ತಿರುಗಿಸಿ ಅದರ ಬೆನ್ನನ್ನೂ ನೋಡಿದರು.

"ಕೈ ಎಲ್ಲೈತ್ರಿ?"

ಅಡ್ಡ ಬರುತ್ತಿತ್ತು, ತೆಗೆದೆ ಎಂದ ತಿಮ್ಮೇಶ.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವನಿಗೇ ಹಗುರವಾಗುತ್ತಿತ್ತು. ಕೂತವಳು ತನ್ನನ್ನು ಹೆತ್ತು ಒಂಬತ್ತನೇ ದಿನಕ್ಕೆ ಹೋದವಳು, ಅವಳ ನೆನಪು ಒಂದಿಷ್ಟೂ ಇಲ್ಲ ಎಂದರು. ಬಾಣಂತಿಯ ಹೆಣ ಮುಟ್ಟಲು ಅವತ್ತು ಯಾರಿಗೂ ಧೈರ್ಯ ಸಾಲಲಿಲ್ಲವಂತೆ. ಜಮಖಾನದ ಹಿಂದೆ ನಿಂತು ಹಿಡಿದವಳು ಅವಳ ಅಕ್ಕ ಕೊಟ್ರವ್ವ. ಗಂಡ ಸತ್ತವಳೆಂದು ಮದುವೆ ಮುಂಜಿಯ ಫೋಟೋಗಳಿಗೆ ಆಕೆಯನ್ನು ಯಾರೂ ಕರೆಯಲಿಲ್ಲ. ಆಕೆ ಸತ್ತಾಗಲಾದರೂ ಒಂದು ತೆಗೆಸೋಣವೆಂದರೆ ಹೊಳೆ ತುಂಬಿ ಸ್ಟುಡಿಯೋದವನು ಬರಲಿಲ್ಲ.

"ಆ ತೊಡಿ ಮ್ಯಾಲಿಂದ ನನ್ನ ಎತ್ತಿಕೊಂಡಾಕಿ ಆಕಿನೇ. ಹಾಲು ಕುಡಿಸಿದ್ದು, ಧಾರೆ ಎರೆಸಿದ್ದು, ನನ್ನ ಬಾಣಂತನ ಮಾಡಿದ್ದು ಎಲ್ಲಾ ಆ ಕೈನೇ. ಆಕಿದು ಅಂತ ಅಷ್ಟೇ ಉಳಿದಿತ್ತು ನೋಡ್ರಿ."

ತಿಮ್ಮೇಶನಿಗೆ ತಲೆ ಎತ್ತಲಾಗಲಿಲ್ಲ. ಅವತ್ತು ಅವರ ಮಾತು ಕೇಳಿದ್ದರೆ ಇಷ್ಟಾಗುತ್ತಿರಲಿಲ್ಲ. ಸ್ಕ್ಯಾನ್ ಇದೆ, ತಂದುಕೊಡುತ್ತೇನೆ ಎಂದಷ್ಟೇ ಹೇಳಿ ಎದ್ದ.

ಅಂಗಡಿಗೆ ಬಂದು ಮೊದಲಿನ ಸ್ಕ್ಯಾನ್ ತೆರೆದ. ನೀರಿನ ಕಲೆಯ ಅಡಿಯಲ್ಲಿ ನಾಲ್ಕು ಬೆರಳು. ಎಷ್ಟೋ ಕೈಗಳನ್ನು ಅಳಿಸಿದ್ದ, ಒಂದನ್ನೂ ನೋಡಿರಲಿಲ್ಲ. ದೊಡ್ಡದು ಮಾಡಿ ನೋಡಿದರೆ ತಂಗಿಯ ತಲೆಯ ಭಾರಕ್ಕೆ ಬೆರಳ ತುದಿಗಳು ಬೆಳ್ಳಗಾಗಿದ್ದವು. ಅಭ್ಯಾಸಬಲದಿಂದ ಮಣಿಕಟ್ಟಿನ ಮೇಲಿದ್ದ ಹಳೇ ಬರೆಯನ್ನು ನಯ ಮಾಡಲು ಹೋಗಿ ತನ್ನ ಕೈ ಹಿಂದಕ್ಕೆ ತೆಗೆದುಕೊಂಡ. ಕಲೆಯನ್ನಷ್ಟೇ ಬಿಡಿಸಿದ. ಅಷ್ಟಕ್ಕೇ ಎರಡು ದಿನ ಹಿಡಿಯಿತು.

ಮೂರನೇ ದಿನ ಫೋಟೋ ಕೈಗೆ ಬಂದಾಗ ಅಕ್ಕನಾಗಮ್ಮ ಗೋಡೆಯ ಕಡೆ ಹೋಗಲಿಲ್ಲ. ನಿಂತಲ್ಲೇ ಎತ್ತಿ ಹಿಡಿದರು. ಹೆತ್ತವಳ ಮುಖ ಬಿಟ್ಟು, ಆ ನಾಲ್ಕು ಬೆರಳ ಮೇಲೆ ತಮ್ಮ ಕೆನ್ನೆ ಇಟ್ಟು, "ಅವ್ವಾ" ಎಂದರು.

ತಿಮ್ಮೇಶ ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಬಂದು ನಿಂತ.