ಶೇಕಡ ಮೂವತ್ತೆಂಟು

ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ವೈದ್ಯಕೀಯ ಮಂಡಳಿ ಟೇಲರನ ಕೈಗಳಿಗೆ ಶೇಕಡ ಮೂವತ್ತೆಂಟು ಅಂಗವೈಕಲ್ಯ ಎಂದು ಬರೆಯಿತು. ಸರ್ಕಾರದ ಮಾಸಾಶನಕ್ಕೆ ನಲವತ್ತು ಬೇಕಿತ್ತು.

ಕೋಟು ಹೊಲಿಯುವುದರಲ್ಲಿ ಅವನದು ಎತ್ತಿದ ಕೈ. ಮೂವತ್ತೊಂದು ವರ್ಷ ಒಂದೇ ಅಂಗಡಿ. ಎರಡು ವರ್ಷದ ಹಿಂದೆ ನರಗಳ ಕಾಯಿಲೆ ತಗುಲಿ ಬೆರಳ ತುದಿಗಳು ಮರಗಟ್ಟಿದವು. ಈಗ ಅದು ಮಣಿಕಟ್ಟಿನವರೆಗೆ ಏರಿತ್ತು. ಸೂಜಿ ಕೈಯಲ್ಲಿದೆಯೋ ಬಿದ್ದುಹೋಯಿತೋ ನೋಡಿಯೇ ತಿಳಿಯಬೇಕು. ತಿಂಗಳ ಕೊನೆಗೆ ಕೆಲಸ ಬಿಡಲು ಮಾಲೀಕ ಹೇಳಿಯಾಗಿತ್ತು. ಹೆಂಡತಿಯ ದುಡಿಮೆ ಊಟಕ್ಕೆ ಸರಿಹೋಗುತ್ತಿತ್ತು. ಮಾಸಾಶನ ಬಂದರೆ ಬಾಡಿಗೆ, ಬಾರದಿದ್ದರೆ ಮನೆ ಖಾಲಿ.

ಅದಕ್ಕೂ ಮೊದಲು, ಹೊರಗಿನ ಬೆಂಚಿನಲ್ಲಿ ಕೂತು ಹೆಂಡತಿ ಮೂರನೆಯ ಸಲ ಹೇಳಿದ್ದಳು: "ಒಳಗೆ ಹೋಗಿ ದೊಡ್ಡಸ್ತಿಕೆ ತೋರಿಸ್ಬೇಡಿ. ಆಗಲ್ಲ ಅಂದ್ರೆ ಆಗಲ್ಲ ಅನ್ನಿ."

"ಅಂತೀನಿ ಬಿಡೇ."

"ಹೋದ ಸಲ ನರ್ಸಿಗೆ 'ಆರಾಮಾಗಿದೀನಿ ತಾಯಿ' ಅಂದೋರು ಯಾರು? ಆರಾಮಾಗಿರೋರಿಗೆ ಆಸ್ಪತ್ರೇಲೇನು ಕೆಲಸ, ಸಂಬಂಧ ನೋಡೋಕೆ ಬಂದಿದ್ರಾ?"

ಒಳಗಿನಿಂದ ಕರೆ ಬಂತು. ಇಬ್ಬರೂ ಎದ್ದರು.

ಮಂಡಳಿಯ ಮೂವರಲ್ಲಿ ಪರೀಕ್ಷೆ ಮಾಡಿದ ಡಾಕ್ಟರಮ್ಮ ಗದರುವವರಲ್ಲ. ಕೈ ಹಿಸುಕಿಸಿದರು, ಗುಂಡಿ ಹಾಕಿಸಿದರು. ನಾಲ್ಕು ಗುಂಡಿಯಲ್ಲಿ ಒಂದು ಬಿತ್ತು. ಫಾರಂನಲ್ಲಿ 'ತೀವ್ರ' ಎಂಬಲ್ಲಿ ಗುರುತು ಹಾಕಿದರು.

"ಈಗ ಕಣ್ಣು ಮುಚ್ಕೊಳ್ಳಿ. ಚುಚ್ಚಿದ್ದು ಗೊತ್ತಾದ್ರೆ ಹೇಳಿ."

ಫ್ಯಾನಿನ ಸದ್ದು ಕೇಳಿಸುತ್ತಿತ್ತು. ಬೇರೇನೂ ಗೊತ್ತಾಗಲಿಲ್ಲ, ಅವನು ಏನೂ ಹೇಳಲಿಲ್ಲ.

"ಆಯ್ತು, ಕಣ್ಣು ಬಿಡಿ," ಎಂದು ಡಾಕ್ಟರಮ್ಮ ಫಾರಂನತ್ತ ಬಗ್ಗಿದರು.

ಅವನು ಕಣ್ಣು ಬಿಟ್ಟ. ಉಂಗುರದ ಬೆರಳಿನ ತುದಿಯಲ್ಲಿ ಸಾಸಿವೆಯಷ್ಟು ರಕ್ತ. ಕೈ ತಾನಾಗಿ ಮೇಲೆದ್ದು ಬೆರಳು ಬಾಯಿಗೆ ಹೋಯಿತು.

ಕೆಲಸ ಕಲಿತ ಮೊದಲ ವಾರವೇ ಮೇಸ್ತ್ರಿ ತಲೆಗೆ ಮೊಟಕಿ ಕಲಿಸಿದ ಪಾಠ ಅದು: ರಕ್ತ ಕಂಡರೆ ಮೊದಲು ಬೆರಳು ಬಾಯಿಗೆ, ಗಿರಾಕಿಯ ಬಟ್ಟೆಗೆ ತಾಗಬಾರದು.

ತಲೆ ಎತ್ತಿದ ಡಾಕ್ಟರಮ್ಮನಿಗೆ ಕಂಡದ್ದು ಚೀಪುತ್ತಿದ್ದ ಬೆರಳು ಮಾತ್ರ.

"ಗೊತ್ತಾಯ್ತಲ್ಲ ಯಜಮಾನ್ರೇ?"

"ಇಲ್ಲಮ್ಮ. ರಕ್ತ ಕಾಣ್ತು."

"ಕಂಡಿದ್ದಕ್ಕೆ ಯಾರಾದ್ರೂ ಬೆರಳು ಚೀಪ್ತಾರಾ?"

"ಅವರು ಟೇಲರು, ಡಾಕ್ಟ್ರೇ!" ಎಂದಳು ಹೆಂಡತಿ. "ಅಭ್ಯಾಸ. ನಾನು ಬೆರಳು ಕೊಯ್ಕೊಂಡ್ರೂ ಬಟ್ಟೆ ಪಕ್ಕಕ್ಕಿಡು ಅಂತಾರೆ, ಈ ಪುಣ್ಯಾತ್ಮರು."

"ಇರಬಹುದಮ್ಮ. ಬೆಳಿಗ್ಗೆಯಿಂದ ನಾಲ್ಕು ಜನ ಗೊತ್ತಾಗಲ್ಲ ಅಂದ್ರು, ಹೊರಗೆ ಹೋಗಿ ಮೊಬೈಲ್ ಒತ್ತುತಾ ಕೂತಿದ್ದಾರೆ. ನಾನು ಕಂಡಿದ್ದನ್ನೇ ಬರೀಬೇಕು."

'ತೀವ್ರ'ಕ್ಕೆ ಗೆರೆ ಬಿತ್ತು. 'ಮಧ್ಯಮ' ಎಂಬಲ್ಲಿ ಗುರುತು ಬಂತು. ಪಕ್ಕದ ಗುಮಾಸ್ತ ಕೋಷ್ಟಕ ನೋಡಿ ಮೂವತ್ತೆಂಟು ಎಂದ. ಉಳಿದಿಬ್ಬರು ವೈದ್ಯರು ಸಹಿ ಮಾಡಿದರು.

ಮೆಟ್ಟಿಲಿಳಿಯುವಾಗ ಹೆಂಡತಿ ಬೈಯಲಿಲ್ಲ. ಅವಳು ಅವನ ಬೆರಳುಗಳನ್ನು ಹಿಡಿದಿದ್ದಳು; ಹಿಡಿದದ್ದು ಅವನಿಗೆ ನೋಡಿಯೇ ತಿಳಿಯಿತು.

ಕೆಳಗಿನ ಕಿಟಕಿಯಲ್ಲಿ ಮೇಲ್ಮನವಿ ತೆಗೆದುಕೊಂಡರು. ನರಗಳ ಯಂತ್ರಪರೀಕ್ಷೆಗೆ ನಾಲ್ಕು ತಿಂಗಳ ನಂತರದ ದಿನಾಂಕ ಸಿಕ್ಕಿತು. ಮುಂದಿನ ಒಂದನೇ ತಾರೀಕು ಅವರಿಬ್ಬರೂ ಹೆಂಡತಿಯ ಅಣ್ಣನ ಮನೆಯ ಹಿಂದಿನ ಕೋಣೆಗೆ ಸಾಮಾನು ಸಾಗಿಸಿದರು.